ಕಕ್ಕಡದ ಮಳೆಯಲ್ಲಿ ಹೊರದೇಶದ ಟಿವಿ: ನಾವು ಹಾಕಿಸಿ ನೋಡಿದ ಡಿಶ್‌ಗಳು

ಅಪ್ಪನಿಗೆ ಈಗ ಎಂಬತ್ತೊಂದು. ಸೇನೆಯಲ್ಲಿದ್ದವರು. ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೊ ತಿರುಗಿಸಿ ಹೊರದೇಶದ ಸುದ್ದಿ ಕೇಳುವ ಅಭ್ಯಾಸ ಅಲ್ಲಿಂದಲೇ ಬಂದದ್ದು. ಈಗ ಅವರಿಗೆ ಬೇಕಾದದ್ದು ಎರಡೇ. ಜರ್ಮನಿಯ ಡಿಡಬ್ಲ್ಯು ಚಾನಲ್ಲಿನ ಸುದ್ದಿ, ಜಪಾನಿನ ಎನ್‌ಎಚ್‌ಕೆ ವರ್ಲ್ಡ್‌ನಲ್ಲಿ ಬರುವ ಸುಮೊ ಕುಸ್ತಿ. ನನಗೆ ಹಾಕಿ ಬೇಕು. ಕೊಡಗಿನವರಿಗೆ ಅದಕ್ಕೆ ಕಾರಣ ಹೇಳಬೇಕಾಗಿಲ್ಲ ಅಲ್ವಾ.

ಸುಮೊ ದೊಡ್ಡ ಪಂದ್ಯಾವಳಿ ವರ್ಷಕ್ಕೆ ಆರು ಸಲ ನಡೆಯುತ್ತದೆ. ಪ್ರತಿ ಸಲ 15 ದಿನ. ಜುಲೈನದು ನಗೋಯಾದಲ್ಲಿ. ಆ ಪಂದ್ಯಾವಳಿ ಅರ್ಧಕ್ಕೆ ಬರುವಾಗ ನಮ್ಮಲ್ಲಿ ಕಕ್ಕಡ, ಅಂದರೆ ಕೊಡಗಿನ ದಪ್ಪ ಮಳೆಯ ತಿಂಗಳು, ಕಾಲಿಡುತ್ತದೆ. ನಮ್ಮ ತೋಟ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ, ಪುಷ್ಪಗಿರಿಯ ಸೆರಗಿನಲ್ಲಿ. ಬೆಳಿಗ್ಗೆ ಎದ್ದು ಮಳೆ ಎಷ್ಟು ಇಂಚು ಬಂತು ಎಂದು ಅಳೆದು ಬರೆಯುವುದು ಅಪ್ಪನ ಕೆಲಸ. ಅದೇ ಪುಸ್ತಕದ ಅಂಚಿನಲ್ಲಿ ಟಿವಿ ಎಷ್ಟು ಹೊತ್ತು ನಿಂತು ಹೋಗಿತ್ತು ಎಂದೂ ಬರೆಯುತ್ತಾ ಬಂದಿದ್ದಾರೆ. ನಾನು ಇಲ್ಲಿ ಹೇಳುವುದೆಲ್ಲ ಆ ಪುಸ್ತಕ ನೋಡಿಕೊಂಡೇ.

ಮೊದಲು ಅಕ್ಕ ದುಬೈಯಿಂದ ತಂದ ಸೆಟ್‌ಟಾಪ್ ಬಾಕ್ಸ್. ಅದರ ಕಥೆ ಚಿಕ್ಕದು. ಇಲ್ಲಿ ಏನೂ ಬರಲಿಲ್ಲ. ಉಪಗ್ರಹದ ಕಿರಣವನ್ನು ಒಂದು ಪ್ರದೇಶಕ್ಕೆಂದೇ ಬಿಟ್ಟಿರುತ್ತಾರೆ, ಟಾರ್ಚ್ ಬೆಳಕಿನ ಹಾಗೆ. ಅರಬ್ ದೇಶಗಳಿಗೆ ಬಿಟ್ಟದ್ದು ನಮ್ಮ ತನಕ ಬರುವುದಿಲ್ಲ. ಅಲ್ಲಿನವರು ತುಂಬಾ ಬಳಸುವ ನೈಲ್‌ಸ್ಯಾಟ್ ಇರುವುದು 7 ಡಿಗ್ರಿ ಪಶ್ಚಿಮದಲ್ಲಿ. ಕೊಡಗಿನಲ್ಲಿ ನಿಂತರೆ ಅದು ದಿಗಂತದಿಂದ ಕೆಳಗೆ ಹೋಗಿರುತ್ತದೆ. ಡಿಶ್ ಎಷ್ಟು ದೊಡ್ಡದಿದ್ದರೂ ಭೂಮಿಯೇ ಅಡ್ಡ. ಗಲ್ಫ್‌ನಿಂದ ಬಾಕ್ಸ್ ಹೊತ್ತು ತರುವವರು ಇನ್ನೂ ಇದ್ದಾರೆ. ದಯವಿಟ್ಟು ತರಬೇಡಿ.

ಶ್ರೀಲಂಕಾದ ಬಾಕ್ಸ್ ಹಾಗಲ್ಲ. ಆ ಕಿರಣ ದಕ್ಷಿಣ ಭಾರತದ ಮೇಲೂ ಬೀಳುತ್ತದೆ. ಚಿತ್ರ ಚೆನ್ನಾಗಿಯೇ ಬಂತು, ಕ್ರೀಡಾ ಚಾನಲ್ಲುಗಳೂ ಬಂದವು. ತಮಿಳುನಾಡಿನ ಒಬ್ಬ ಮಧ್ಯವರ್ತಿಯ ಕೈಯಿಂದ ಕೊಂಡದ್ದು. ಬಾಕ್ಸಿಗೆ ಹಾಕಿ ಚಾನಲ್ ತೆರೆಯುವ ಕಾರ್ಡು ಕೊಲಂಬೊದ ಯಾರದೋ ವಿಳಾಸದಲ್ಲಿತ್ತು. ರೀಚಾರ್ಜ್ ಮಾಡಬೇಕಾದದ್ದು ಶ್ರೀಲಂಕಾ ರೂಪಾಯಿಯಲ್ಲಿ, ಅದೂ ಅವನ ಮೂಲಕವೇ. ಐದನೇ ತಿಂಗಳು ಕಾರ್ಡು ನಿಂತಿತು, ಅವನು ಫೋನ್ ಎತ್ತಲಿಲ್ಲ. ದೂರು ಕೊಡೋಣ ಎಂದರೆ ಯಾರಿಗೆ? ಪಂದ್ಯ ತೋರಿಸುವ ಹಕ್ಕನ್ನು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರುತ್ತಾರೆ. ಕಿರಣ ಗಡಿ ದಾಟಿದರೂ ಆ ಹಕ್ಕು ದಾಟುವುದಿಲ್ಲ. ಭಾರತದಲ್ಲಿ ಡಿಟಿಎಚ್, ಅಂದರೆ ಉಪಗ್ರಹದಿಂದ ನೇರ ಮನೆಯ ಡಿಶ್‌ಗೆ ಟಿವಿ ಕೊಡುವ ಸೇವೆ ನಡೆಸಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು, ಹೊರಗಿನ ಚಾನಲ್ಲನ್ನು ಇಲ್ಲಿ ಹಂಚಲೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುಮತಿ ಬೇಕು. ಇದನ್ನು ಓದಿ ಹೇಳಿದಾಗ ಅಪ್ಪ ಒಂದೇ ಮಾತು ಅಂದರು: "ಮೊದಲೇ ಕೇಳಬೇಕಿತ್ತು, ಬಿಚ್ಚಿ ಇಡು." ಬಿಚ್ಚಿ ಇಟ್ಟೆ. ಹೋದ ದುಡ್ಡಿಗಿಂತ ಅವರ ಮುಖ ನೋಡುವುದು ಕಷ್ಟವಾಯಿತು.

ನಮ್ಮ ದೇಶದ ಡಿಟಿಎಚ್ ಮನೆಯಲ್ಲಿ ಇದ್ದೇ ಇದೆ. ಹಾಕಿಗೆ ಅದು ಸಾಕು ಅನಿಸುತ್ತದೆ, ಬಿಸಿಲಿರುವ ತನಕ. 2024ರ ಆಗಸ್ಟ್ 8, ಪ್ಯಾರಿಸ್ ಒಲಿಂಪಿಕ್ಸ್‌ನ ಕಂಚಿನ ಪಂದ್ಯ, ಎದುರು ಸ್ಪೇನ್. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆ. ಗೋಲ್‌ಕೀಪರ್ ಶ್ರೀಜೇಶ್ ಅವರಿಗೆ ಅದು ಕೊನೆಯ ಪಂದ್ಯ. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳೂ ಬಂದು ಕೂತಿದ್ದರು. ಮೊದಲ ಗೋಲು ಸ್ಪೇನಿನದು. ಅರ್ಧ ಪಂದ್ಯ ಮುಗಿಯುವ ಮೊದಲು ನಮ್ಮ ನಾಯಕ ಹರ್ಮನ್‌ಪ್ರೀತ್ ಸಮ ಮಾಡಿದರು. ಆಗ ಬಂತು ಮಳೆ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಯಿತು. ಹರ್ಮನ್‌ಪ್ರೀತ್ ಅವರ ಎರಡನೇ ಗೋಲನ್ನು ನಾವು ಟಿವಿಯಲ್ಲಿ ನೋಡಲಿಲ್ಲ. ಭಾರತ 2–1ರಲ್ಲಿ ಗೆದ್ದದ್ದನ್ನು ಪುಟ್ಟ ಮೊಬೈಲ್ ಸುತ್ತ ತಲೆಗೆ ತಲೆ ತಾಗಿಸಿಕೊಂಡು ನೋಡಿದೆವು.

ಇದು ಡಿಟಿಎಚ್ ಕಂಪನಿಯ ತಪ್ಪಲ್ಲ. ಅವರೆಲ್ಲ ಬಳಸುವುದು ಕೆಯು ಬ್ಯಾಂಡ್, 10 ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆ. ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ. ದಪ್ಪ ಮಳೆ ಅದನ್ನು ಹೀರಿಬಿಡುತ್ತದೆ. ತಿಂಗಳ ದುಡ್ಡು ಕಟ್ಟುವಂತಿಲ್ಲದ ಡಿಡಿ ಫ್ರೀ ಡಿಶ್ ಕೂಡ ಕೆಯು ಬ್ಯಾಂಡೇ. ಹಾಗಾಗಿ ಮಳೆಯಲ್ಲಿ ಅದರ ಪಾಡೂ ಅದೇ. ಅಪ್ಪನ ಪುಸ್ತಕದಲ್ಲಿ ನಾಲ್ಕು ಇಂಚು ದಾಟಿದ ಒಂದು ದಿನವೂ ಡಿಟಿಎಚ್ ನಿಲ್ಲದೆ ಪೂರ್ತಿ ನಡೆದದ್ದಿಲ್ಲ.

ಇನ್ನು ದೊಡ್ಡ ಡಿಶ್, ಸಿ ಬ್ಯಾಂಡ್. ತೊಂಬತ್ತರ ದಶಕದಲ್ಲಿ ಕೇಬಲ್‌ನವರ ಮಾಳಿಗೆ ಮೇಲೆ ಇರುತ್ತಿತ್ತಲ್ಲ, ಅದೇ. ನಾವು ತಂದದ್ದು ಹಳೆಯ ಎಂಟಡಿಯ ಜಾಲರಿ ಡಿಶ್. ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಅಲೆ ಹಿಡಿಯುವ ಪುಟ್ಟ ಡಬ್ಬಿ), ರಿಸೀವರ್, ಕಾಂಕ್ರೀಟ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಆಯಿತು. ಆಮೇಲೆ ತಿಂಗಳ ಬಾಡಿಗೆ ಎಂಬುದಿಲ್ಲ. ಎನ್‌ಎಚ್‌ಕೆ ವರ್ಲ್ಡ್, ಡಿಡಬ್ಲ್ಯು ಥರದ ಚಾನಲ್ಲುಗಳನ್ನು ಜಗತ್ತೆಲ್ಲ ನೋಡಲಿ ಎಂದೇ ಬೀಗ ಹಾಕದೆ ಬಿಡುತ್ತಾರೆ. ಕಾರ್ಡು ಬೇಡ, ಯಾರದೋ ವಿಳಾಸವೂ ಬೇಡ.

ಜಾಗ ಹುಡುಕುವುದೇ ದೊಡ್ಡ ಕೆಲಸವಾಯಿತು. ತೋಟದೊಳಗೆ ಎಲ್ಲಿ ನೋಡಿದರೂ ಸಿಲ್ವರ್ ಮರ. ಕೊನೆಗೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ನಿಲ್ಲಿಸಿದೆವು, ಅಲ್ಲಿ ಮಾತ್ರ ಆಕಾಶ ಪೂರ್ತಿ ತೆರೆದಿದೆ. ನಾವಿರುವುದು ಸುಮಾರು 75.8 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅದರ ಆಚೀಚೆ ಇರುವ ಉಪಗ್ರಹಗಳು ನಮ್ಮ ನೆತ್ತಿಯ ಹತ್ತಿರವೇ, ಎಪ್ಪತ್ತು ಡಿಗ್ರಿಗೂ ಮೇಲೆ ಕಾಣಬೇಕು. ಹಾಗಾಗಿ ಡಿಶ್ ಹೆಚ್ಚು ಕಡಿಮೆ ಊಟದ ತಟ್ಟೆಯ ಹಾಗೆ ಮಲಗಿರುತ್ತದೆ. ತಗಡಿನದಾದರೆ ನೀರು ನಿಲ್ಲುತ್ತದೆ, ಎಲೆ ಕೊಳೆಯುತ್ತದೆ. ಜಾಲರಿಯದಾದರೆ ನೀರು ಇಳಿದು ಹೋಗುತ್ತದೆ. ನಮ್ಮ ಕಡೆ ಯಾರಾದರೂ ಹಾಕುವುದಾದರೆ ಜಾಲರಿಯದನ್ನೇ ಹಾಕಿ.

ಮೊದಲ ಜುಲೈ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಂಚಿನ ಮೇಲೆ ಮಳೆಯ ಸದ್ದಿಗೆ ಟಿವಿ ಮಾತು ಕೇಳುತ್ತಿರಲಿಲ್ಲ. ಚಿತ್ರ ಮಾತ್ರ ಅಲುಗಾಡಲಿಲ್ಲ. ಸಿ ಬ್ಯಾಂಡಿನ ಅಲೆ ಏಳೆಂಟು ಸೆಂಟಿಮೀಟರ್ ಉದ್ದ, ಮಳೆಹನಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಪ್ಪ ಕಂಬಳಿ ಹೊದ್ದು ಕೂತು ನಗೋಯಾದ 15 ದಿನವನ್ನೂ ನೋಡಿದರು. ಪುಸ್ತಕದಲ್ಲಿ ಮಳೆಯ ಇಂಚು ಇದೆ, ಅಂಚು ಖಾಲಿ ಇದೆ.

ತೊಂದರೆ ಇಲ್ಲವೆಂದಲ್ಲ. ಎಲ್‌ಎನ್‌ಬಿ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತು. ಕೇಬಲ್ ತುದಿಗೆ ನೀರು ಇಳಿದು ಒಂದು ಸಲ ಸಿಗ್ನಲ್ ಹೋಯಿತು. ಈಗ ರಬ್ಬರ್ ಟೇಪ್ ಸುತ್ತಿ, ಕೇಬಲ್ಲನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಕಟ್ಟಿದ್ದೇನೆ. ಪೇಟೆ ಹತ್ತಿರ ಇರುವವರಿಗೆ ಇನ್ನೊಂದು ಮಾತು. 2022ರಲ್ಲಿ 5ಜಿಗೆ ಹರಾಜಾದ 3.3ರಿಂದ 3.67 ಗಿಗಾಹರ್ಟ್ಸ್ ತರಂಗಗಳು ಸಿ ಬ್ಯಾಂಡಿಗೆ ಅಂಟಿಕೊಂಡೇ ಇವೆ. ಟವರ್ ಹತ್ತಿರವಿದ್ದರೆ ಅವು ಅಡ್ಡ ಬರಬಹುದು, ಫಿಲ್ಟರ್ ಇರುವ ಎಲ್‌ಎನ್‌ಬಿ ಕೇಳಿ ತೆಗೆದುಕೊಳ್ಳಿ. ಇನ್ನು ಹಾಕಿ? ಅದು ಈ ಡಿಶ್‌ನಲ್ಲಿ ನನಗೆ ಸಿಗಲಿಲ್ಲ. ಒಳ್ಳೆಯ ಕ್ರೀಡಾ ಚಾನಲ್ಲುಗಳಿಗೆಲ್ಲ ಬೀಗ ಇದೆ.

ಹಾಕಿಗೆ ಇಂಟರ್ನೆಟ್ಟೇ ಗತಿ. ಅಂತರರಾಷ್ಟ್ರೀಯ ಹಾಕಿ ಫೆಡರೇಶನ್ನಿನ ವಾಚ್ ಡಾಟ್ ಹಾಕಿ ಎಂಬ ಜಾಲತಾಣದಲ್ಲಿ, ಟಿವಿಯವರು ಕಣ್ಣೆತ್ತಿಯೂ ನೋಡದ ಪಂದ್ಯಗಳನ್ನು ನೋಡಿದ್ದೇನೆ. ಎನ್‌ಎಚ್‌ಕೆ, ಡಿಡಬ್ಲ್ಯು ಕೂಡ ಇಂಟರ್ನೆಟ್ಟಿನಲ್ಲೇ ಸುಮ್ನೆ ಸಿಗುತ್ತವೆ. ನವೆಂಬರ್‌ನಿಂದ ಮೇ ತನಕ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ, ಬೇರೆ ಯಾವುದೂ ಬೇಡ. ಮಳೆಗಾಲದಲ್ಲಿ ಹಾಗಲ್ಲ. ಫೈಬರ್ ಎಳೆದಿರುವುದು ಕಂಬದಿಂದ ಕಂಬಕ್ಕೆ. ಒಂದು ಕೊಂಬೆ ಬಿದ್ದರೆ ಸಾಕು, ಸರಿ ಮಾಡುವವರು ಬರಲು ನಾಲ್ಕೈದು ದಿನ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ದೊಡ್ಡ ಡಿಶ್‌ನ ರಿಸೀವರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಮನೆಯ ಯುಪಿಎಸ್‌ನಲ್ಲೇ ನಡೆಯುತ್ತದೆ.

ಈಗ ಮನೆಯಲ್ಲಿ ಫೈಬರ್ ಮತ್ತು ದೊಡ್ಡ ಡಿಶ್ ಎರಡನ್ನೂ ಇಟ್ಟುಕೊಂಡಿದ್ದೇವೆ. ಡಿಟಿಎಚ್ ಪ್ಯಾಕನ್ನು ಕನ್ನಡ ಚಾನಲ್ಲುಗಳಿಗಷ್ಟೇ ಇಳಿಸಿದೆವು. ಒಂದನ್ನೇ ಹಾಕಿಸಬೇಕು ಎಂದರೆ ನಾನು ತೋಟದ ಮನೆಗೆ ದೊಡ್ಡ ಡಿಶ್ ಹೇಳುತ್ತೇನೆ, ಮಡಿಕೇರಿ, ಕುಶಾಲನಗರದಂಥ ಪೇಟೆ ಮನೆಗೆ ಇಂಟರ್ನೆಟ್. ಕಣದ ಮೂಲೆಯ ಡಿಶ್‌ಗೆ ಜೂನ್ ಮೊದಲ ವಾರ ಹೊಸ ಟೇಪ್ ಸುತ್ತಬೇಕು. ಅಪ್ಪ ಆಗಲೇ ಎರಡು ಸಲ ನೆನಪಿಸಿದ್ದಾರೆ.