ರಾಚೆಸ್ಟರ್ ಕೋಟೆ: ಮೂರು ಮೂಲೆ ಚೌಕ, ಒಂದು ದುಂಡಗೆ

ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷದಿಂದ ಮನೆ ಕಟ್ಟುವ ಗುತ್ತಿಗೆ ನನ್ನದು. ಹೋದ ಬೇಸಿಗೆಯಲ್ಲಿ ಲಂಡನ್ನಿನ ಮಗಳ ಮನೆಗೆ ಹೋದಾಗ, "ಅಪ್ಪಾ, ಒಂದು ಹಾಳುಬಿದ್ದ ಕೋಟಿ ಐತಿ, ನೋಡೂಣು ಬಾ" ಅಂದಳು. "ಹಾಳುಬಿದ್ದದ್ದು ನೋಡಾಕ ಇಷ್ಟು ದೂರ ಬರಬೇಕಾತೇನವಾ, ಧಾರವಾಡದ ಕಿಲ್ಲಾದ ಬಾಗಲಾ ಏನಾಗೇತಿ?" ಅಂದೆ. ಕೇಳದೆ ರೈಲು ಹತ್ತಿಸಿದಳು.

ಕೆಂಟ್ ಸೀಮೆಯ ರಾಚೆಸ್ಟರ್, ಮೆಡ್ವೇ ಹೊಳೆಯ ದಂಡೆ. ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕೋಟೆ. ಅದರ ದೊಡ್ಡ ಗೋಪುರವನ್ನು 1127ರ ಸುಮಾರಿಗೆ ಎಬ್ಬಿಸಿದವನು ರಾಜನಲ್ಲ, ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಂದರೆ ಚರ್ಚಿನ ಹಿರಿಯ ಧರ್ಮಗುರು. ಎತ್ತರ 113 ಅಡಿ. ಒಳಗೆ ಕಾಲಿಟ್ಟರೆ ಚಾವಣಿಯೂ ಇಲ್ಲ, ಮಹಡಿಯೂ ಇಲ್ಲ. ಮೇಲೆ ಆಕಾಶ, ಅಷ್ಟೇ. ಗೈಡ್ ಇರದಿದ್ದರೆ ಐದೇ ನಿಮಿಷಕ್ಕೆ ಹೊರಬಿದ್ದು ಚಹಾ ಹುಡುಕುತ್ತಿದ್ದೆ.

ಗೈಡ್ ಒಬ್ಬ ಅಜ್ಜಿ. ರಾಜರ ವಂಶಾವಳಿ ಶುರುಮಾಡುತ್ತಾಳೆ ಅಂದುಕೊಂಡರೆ, ಮೊದಲು ತೋರಿಸಿದ್ದು ಗೋಡೆಯಲ್ಲಿ ಸಾಲಾಗಿದ್ದ ತೂತುಗಳನ್ನು. ತೊಲೆಗಳ ತಲೆ ಕೂರುತ್ತಿದ್ದ ಗೂಡುಗಳವು! ನಾನೇ ನೂರಾರು ಕಡೆ ಬಿಡಿಸಿದ್ದೇನೆ, ಆದರೂ ಹೊಳೆದಿರಲಿಲ್ಲ. ಅಲ್ಲಿಂದ ಮಹಡಿಗಳು ತಾವಾಗಿ ಕಣ್ಣಿಗೆ ಕಟ್ಟಿದವು. ನೆಲವಿಲ್ಲದೆ ಗೋಡೆಗೆ ಅಂಟಿಕೊಂಡ ಅಗ್ಗಿಷ್ಟಿಕೆ ಯಾವ ಕೋಣೆಯದೆಂದು ನಾನೇ ಹೇಳಿದೆ, ಮಗಳು ಇಂಗ್ಲಿಷಿನಲ್ಲಿ ದಾಟಿಸಿದಳು. ಗೋಪುರವನ್ನು ಎರಡು ಪಾಲು ಮಾಡುವ ನಡುಗೋಡೆಯ ಹೊಟ್ಟೆಯಲ್ಲೇ ಬಾವಿ. ಪ್ರತಿ ಮಹಡಿಯಲ್ಲೂ ನಿಂತಲ್ಲೇ ನೀರು ಸೇದಬಹುದಿತ್ತು. ಈಗಿನ ಯಾವ ಇಂಜಿನಿಯರಿಗೂ ತೋಚಲಿಕ್ಕಿಲ್ಲ.

ಆಮೇಲೆ ಹೊರಗೆ ಕರೆದೊಯ್ದು, "ಮೂಲೆ ನೋಡಿ" ಅಂದಳು. ಮೂರು ಚೌಕ, ಆಗ್ನೇಯದ್ದು ದುಂಡಗೆ. 1215ರಲ್ಲಿ ತನ್ನ ವಿರುದ್ಧ ದಂಗೆಯೆದ್ದವರು ಒಳಗೆ ಸೇರಿಕೊಂಡಾಗ ಇಂಗ್ಲೆಂಡಿನ ರಾಜ ಕಿಂಗ್ ಜಾನ್ ಆ ಮೂಲೆಯ ಬುಡಕ್ಕೆ ಸುರಂಗ ತೋಡಿಸಿದ. ತೋಡಿದಷ್ಟೂ ಮರದ ಆಸರೆ ಕೊಡುತ್ತ ಹೋದರು. ನಾವು ಸೆಂಟ್ರಿಂಗ್ ಹೊಡೆಯುವುದಿಲ್ಲವೇ, ಹಾಗೆ. ಕೊನೆಗೆ, ತಿನ್ನಲು ಬಾರದ 40 ಕೊಬ್ಬಿದ ಹಂದಿ ಕಳಿಸಿ ಅಂತ ರಾಜನೇ ಕಾಗದ ಬರೆದ. ಆ ಕೊಬ್ಬು ಸುರಿದು ಬೆಂಕಿ ಇಟ್ಟರು, ಆಸರೆ ಸುಟ್ಟಿತು, ಮೂಲೆ ಕುಸಿಯಿತು. ಒಳಗಿದ್ದವರು ನಡುಗೋಡೆಯ ಆಚೆ ಸರಿದು ಮತ್ತೂ ಕಾದಾಡಿ, ಹಸಿವು ತಾಳದೆ ಶರಣಾದರು. ಮುಂದೆ ಜಾನನ ಮಗನ ಕಾಲದಲ್ಲಿ ಆ ಮೂಲೆಯನ್ನು ದುಂಡಗೆ ಕಟ್ಟಿದರು. ದುಂಡಗಿದ್ದರೆ ಒಡೆಯಲು ಮೂಲೆಯೇ ಸಿಗುವುದಿಲ್ಲ.

ತಕರಾರು ಮೆಟ್ಟಿಲಿನದು. ತುದಿವರೆಗೆ ಸುರುಳಿ ಸುತ್ತಬೇಕು, ಇಳಿಯುವಾಗ ನನ್ನ ಮೊಣಕಾಲು ಮಾತಾಡಿತು. ಮೇಲೆ ಎಂಥ ಗಾಳಿ ಅಂತೀರಿ, ಟೋಪಿ ಕೈಯಲ್ಲೇ ಹಿಡಿದು ಪಕ್ಕದ ಕ್ಯಾಥೆಡ್ರಲ್, ಅಂದರೆ ದೊಡ್ಡ ಚರ್ಚು, ನೋಡಿದೆ. ಅದಕ್ಕೆ ಅರ್ಧ ಅಂಕ ಕಡಿತ, ಐದಕ್ಕೆ ನಾಲ್ಕೂವರೆ. ಮಕ್ಕಳು ಆ ಕಡೆ ಇರುವವರು ಹೋಗಿ, ಗೈಡ್ ಸಿಕ್ಕರೆ ಬಿಡಬೇಡಿ.

ಊರಿಗೆ ಬಂದ ಮರುದಿನ ಕೇಶ್ವಾಪುರದ ಸೈಟಿನಲ್ಲಿ ಇದನ್ನೆಲ್ಲ ನಮ್ಮ ಗೌಂಡಿಗೆ ಹೇಳಿದೆ. ಹಂದಿ, ಸುರಂಗ, ಬೆಂಕಿ ಎಲ್ಲ ಕೇಳಿದ, ಕರಣಿ ಇಳಿಸಲಿಲ್ಲ. "ಮೂಲಿ ದುಂಡಗ ಕಟ್ಟಿದವಗ ಕೂಲಿ ಹೆಚ್ಚಿಗಿ ಕೊಟ್ಟಿದ್ರನ್ರೀ?" ಅಂದ.