ಇಪ್ಪತ್ತು ಸಲಿಕೆ ಮಣ್ಣು, ಎರಡು ಕಲ್ಲು

ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ನಿರ್ದೇಶಿಸಿದ ‘ಟೇಸ್ಟ್ ಆಫ್ ಚೆರ್ರಿ’ (1997) ಚಿತ್ರದ ಕಥೆ ಬಹಳ ಚಿಕ್ಕದು. ಸಾಯಲು ನಿರ್ಧರಿಸಿರುವ ಬದೀ ಎಂಬ ನಡುವಯಸ್ಸಿನ ವ್ಯಕ್ತಿ, ತಾನೇ ತೋಡಿಟ್ಟ ಗುಂಡಿಯ ಬಳಿಗೆ ಬೆಳಗ್ಗೆ ಬಂದು ಹೆಸರು ಹಿಡಿದು ಕೂಗಿ, ಓಗೊಟ್ಟರೆ ಕೈಹಿಡಿದು ಮೇಲೆತ್ತುವ, ಓಗೊಡದಿದ್ದರೆ ಇಪ್ಪತ್ತು ಸಲಿಕೆ ಮಣ್ಣು ಹಾಕುವ ಒಬ್ಬನನ್ನು ಹುಡುಕುತ್ತ ಟೆಹರಾನಿನ ಹೊರವಲಯದ ಬೋಳು ಗುಡ್ಡಗಳಲ್ಲಿ ಕಾರು ಓಡಿಸುತ್ತಾನೆ. ಅವನಿಗೆ ಏನಾಗಿದೆ ಎಂಬುದನ್ನು ಚಿತ್ರ ಕಡೆಯವರೆಗೂ ಹೇಳುವುದಿಲ್ಲ. ಹೇಳಿದ್ದರೆ ನಾವು ಕಾರಣವನ್ನು ತೂಗಿ ನೋಡಿ ತೀರ್ಪು ಕೊಟ್ಟು ಎದ್ದುಬಿಡುತ್ತಿದ್ದೆವು.

ಕಾರು ಹತ್ತಿದ ಕುರ್ದಿ ಸೈನಿಕ ಹೆದರಿ ಇಳಿದು ಓಡುತ್ತಾನೆ. ಅಫ್ಘಾನಿಸ್ತಾನದ ಧರ್ಮಶಾಸ್ತ್ರ ವಿದ್ಯಾರ್ಥಿ ಅದು ಪಾಪವೆಂದು ಬುದ್ಧಿ ಹೇಳುತ್ತಾನೆ. ಈ ಮೊದಲ ಭಾಗ ನಿಧಾನವಾಗಿದೆ. ಧೂಳು, ತಿರುವು, ಮತ್ತೆ ಧೂಳು. ನನಗೂ ಒಮ್ಮೆ ಆಕಳಿಕೆ ಬಂದದ್ದುಂಟು.

ಚಿತ್ರದ ಜೀವವಿರುವುದು ಮೂರನೆಯವರಾದ ಬಾಘೇರಿಯವರಲ್ಲಿ. ವಸ್ತುಸಂಗ್ರಹಾಲಯದಲ್ಲಿ ಸತ್ತ ಹಕ್ಕಿಗಳಿಗೆ ಹೊಟ್ಟು ತುಂಬಿ ಮೊದಲಿನ ರೂಪಕ್ಕೆ ತರುವ ಈ ಮುದುಕರು, ಕಾಯಿಲೆಯ ಮಗುವಿಗಾಗಿ ಹಣ ಬೇಕಾಗಿ, ಕೆಲಸಕ್ಕೆ ಒಪ್ಪುತ್ತಾರೆ. ಆದರೆ ಒಪ್ಪುವಾಗಲೇ, ತಾವೂ ಒಮ್ಮೆ ಸಾಯಲೆಂದು ಹಗ್ಗ ಹಿಡಿದು ಮರ ಹತ್ತಿದಾಗ ಕೈಗೆ ಮೆತ್ತಗೆ ತಾಕಿದ ಹಿಪ್ಪುನೇರಳೆ ಹಣ್ಣನ್ನು ತಿಂದು, ಸೂರ್ಯೋದಯ ಕಂಡು, ಹೆಂಡತಿಗೂ ಹಣ್ಣು ಆಯ್ದುಕೊಂಡು ಮನೆಗೆ ಮರಳಿದ ಕಥೆಯನ್ನು ಹೇಳುತ್ತಾರೆ. ಹಿಪ್ಪುನೇರಳೆಯೆಂದರೆ ರೇಷ್ಮೆಹುಳುವಿನ ಸೊಪ್ಪೆಂದೇ ತಿಳಿದು ಬೆಳೆದ ನಮ್ಮ ಕಡೆಯವರಿಗೆ ಈ ಹಣ್ಣಿನ ಮಾತು ತುಸು ಹೆಚ್ಚೇ ತಾಕೀತು. ಕಥೆ ಕೇಳುತ್ತಿರುವಷ್ಟು ಹೊತ್ತೂ ಪರದೆಯ ಮೇಲೆ ಹಣ್ಣು ಕಾಣುವುದಿಲ್ಲ. ರುಚಿಯೆಲ್ಲ ಆ ಗೊಗ್ಗರು ದನಿಯಲ್ಲಿಯೇ ಇದೆ. ದಾರಿ ತೋರಿಸುವಾಗಲೂ ಅವರು ಆರಿಸುವುದು ದೂರದ, ಆದರೆ ಚೆಂದದ ರಸ್ತೆಯನ್ನು.

ಅವರನ್ನು ಇಳಿಸಿ ಹೊರಟ ಬದೀ ಮತ್ತೆ ಓಡೋಡಿ ಬಂದು, ತಾನು ಬರೀ ನಿದ್ದೆಯಲ್ಲಿರಬಹುದು, ಎರಡು ಸಣ್ಣ ಕಲ್ಲು ಎಸೆದು ನೋಡಿ ಎಂದು ಕೇಳಿಕೊಳ್ಳುತ್ತಾನೆ. ಬದೀಯ ಪಾತ್ರದಲ್ಲಿರುವ ಹೊಮಾಯೂನ್ ಇರ್ಶಾದಿಯ ಬಿಗಿದ ಮುಖ ಸಡಿಲುವುದು ಇಲ್ಲೊಂದೇ ಕಡೆ.

ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಅನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡ ಈ ಚಿತ್ರದ ಬಗ್ಗೆ ಜಗಳ ನಿಂತಿಲ್ಲ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕೊಟ್ಟದ್ದು ಒಂದೇ ನಕ್ಷತ್ರ. ಬದೀ ಗುಂಡಿಯಲ್ಲಿ ಮಲಗಿ ಪರದೆ ಕತ್ತಲಾದ ಮೇಲೆ ಬರುವ ವಿಡಿಯೊ ತುಣುಕಿನಲ್ಲಿ ಗುಡ್ಡ ಹಸಿರಾಗಿದೆ, ಚಿತ್ರತಂಡ ಆರಾಮವಾಗಿ ಓಡಾಡುತ್ತಿದೆ, ನಟ ನಿರ್ದೇಶಕನಿಗೆ ಸಿಗರೇಟು ಕೊಡುತ್ತಾನೆ. ಮೊದಲ ಸಲ ಇದು ಮೋಸವೆನಿಸಿತ್ತು. ಎರಡನೆಯ ಸಲ, ಆ ತುಣುಕಿನ ಹಿನ್ನೆಲೆಯಲ್ಲಿ ಕೇಳುವ ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗನ ತುತ್ತೂರಿ ಮುಗಿಯುವವರೆಗೂ ನಾನು ಕುಳಿತಲ್ಲಿಂದ ಏಳಲಿಲ್ಲ.