ಮಗನಿಗೆ ತಂದದ್ದು ಅತ್ತೆಗೆ ಬಂತು, ಅತ್ತೆಗೆ ತಂದದ್ದು ಮಗನಿಗೆ ಬಂತು: ಎರಡು ಪುಸ್ತಕಗಳ ಬಗ್ಗೆ

ನಮ್ಮನೆಯಲ್ಲಿ 17 ವರ್ಷದ ಮಗ ಇದ್ದಾನೆ, ಅವನಿಗೆ ಆಟಿಸಂ, ಅಂದರೆ ಮೆದುಳಿನ ಬೆಳವಣಿಗೆಯೇ ಬೇರೆ ರೀತಿ ಇರುವ ಸ್ಥಿತಿ. ಎಂಬತ್ತು ದಾಟಿದ ಅತ್ತೆ ಇದ್ದಾರೆ, ಅವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹೀಗಾಗಿ ಯಾರು ಮೈಸೂರಿಗೆ ಬಂದರೂ "ನಿಮಗೆ ಉಪಯೋಗ ಆಗಬಹುದು" ಅಂತ ಒಂದೊಂದು ಪುಸ್ತಕ ಕೊಟ್ಟು ಹೋಗುತ್ತಾರೆ. ನಾವೂ ಕೊಂಡಿದ್ದೇವೆ. ಕಪಾಟಿನ ಒಂದು ಅಂಕಣ ಪೂರ್ತಿ ಇವೇ. ಮಕ್ಕಳ ಬೆಳವಣಿಗೆ, ಗಮನ ನಿಲ್ಲದ ದೊಡ್ಡವರು, ವೃದ್ಧರ ಆರೈಕೆ, ಆರೈಕೆ ಮಾಡುವವರ ನೆಮ್ಮದಿ, ಎಲ್ಲ ಇದೆ. ಅರ್ಧಕ್ಕರ್ಧ ಪುಸ್ತಕಗಳನ್ನು ಒಮ್ಮೆ ಓದಿ ಇಟ್ಟಿದ್ದು ಮತ್ತೆ ಮುಟ್ಟಿಲ್ಲ. ಎರಡು ಮಾತ್ರ ಕಪಾಟಿಗೆ ವಾಪಸ್ ಹೋಗುವುದೇ ಇಲ್ಲ. ಒಂದು ಟಿವಿ ಪಕ್ಕ, ಇನ್ನೊಂದು ಫ್ರಿಜ್ ಮೇಲೆ ಇರುತ್ತದೆ. ಎರಡೂ ಇಂಗ್ಲಿಷ್ ಪುಸ್ತಕಗಳು, ಎರಡೂ ಅಮೆರಿಕದವು. ಒಂದು ಮಕ್ಕಳದು, ಒಂದು ಮುದುಕರದು. ಆದರೆ ಒಳಗಿನ ಮಾತು ಒಂದೇ ಅಂತ ನನಗೆ ಅನ್ನಿಸಿದೆ. ಎದುರಿನವರು ಮಾಡುವುದನ್ನು ಹಠ ಅಂತ ತೀರ್ಮಾನ ಮಾಡುವ ಮೊದಲು, ಅವರಿಗೆ ಈಗ ಯಾವುದು ತಡೆಯಲಾಗುತ್ತಿಲ್ಲ ಅಂತ ನೋಡಿ ಎನ್ನುತ್ತವೆ ಎರಡೂ.

ಮೊದಲನೆಯದು 'ಯೂನಿಕ್ಲಿ ಹ್ಯೂಮನ್'. ಬರೆದವರು ಬ್ಯಾರಿ ಪ್ರಿಜಾಂಟ್, ಜೊತೆಗೆ ಟಾಮ್ ಫೀಲ್ಡ್ಸ್-ಮೇಯರ್. 2015ರಲ್ಲಿ ಬಂತು, 2022ರಲ್ಲಿ ತಿದ್ದಿ ಹೊಸದಾಗಿ ತಂದರು. ಪ್ರಿಜಾಂಟ್ ಸ್ಪೀಚ್ ಥೆರಪಿ ಕ್ಷೇತ್ರದವರು, ದಶಕಗಳಿಂದ ಆಟಿಸಂ ಇರುವ ಮಕ್ಕಳು, ದೊಡ್ಡವರ ಜೊತೆ ಕೆಲಸ ಮಾಡಿದವರು. ಮೊದಲ ಅಧ್ಯಾಯದ ಹೆಸರೇ "ಯಾಕೆ ಅಂತ ಕೇಳಿ" ಎಂದು. ಕೈ ಬಡಿಯುವುದು, ಕೇಳಿದ್ದನ್ನೇ ಕೇಳುವುದು, ಸಾಮಾನುಗಳನ್ನು ಸಾಲಾಗಿ ಜೋಡಿಸುವುದು ಇವೆಲ್ಲ ರೋಗದ ಲಕ್ಷಣಗಳ ಪಟ್ಟಿ ಅಲ್ಲ, ಗಾಬರಿಯಾದಾಗ ಆ ಮಗು ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವ ದಾರಿ ಎನ್ನುತ್ತಾರೆ. ಆ ದಾರಿಯನ್ನು ನಾವು ಬಂದ್ ಮಾಡಿದರೆ ಗಾಬರಿ ಹಾಗೇ ಉಳಿಯುತ್ತದೆ, ಅಲ್ವಾ?

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಎರಡನೆಯ ಅಧ್ಯಾಯ. ಕೆಲವು ಮಕ್ಕಳು ಎಲ್ಲೋ ಕೇಳಿದ ವಾಕ್ಯವನ್ನು ಹಾಗ್ಹಾಗೇ ಮತ್ತೆ ಮತ್ತೆ ಹೇಳುತ್ತಾರೆ. ಇದಕ್ಕೆ ಎಕೋಲೇಲಿಯಾ ಅಂತಾರೆ. ನಾವು ಮೊದಲು ಹೋಗುತ್ತಿದ್ದ ಒಂದು ಥೆರಪಿ ಸೆಂಟರಿನಲ್ಲಿ, ಹಾಗೆ ಹೇಳಿದಾಗೆಲ್ಲ "ಸುಮ್ನಿರು" ಅಂತ ನಿಲ್ಲಿಸಿ ಎಂದಿದ್ದರು. ಪ್ರಿಜಾಂಟ್ ಇದಕ್ಕೆ ಪೂರ್ತಿ ಉಲ್ಟಾ. ಈ ಮಾತುಗಳಿಗೆ ಅರ್ಥ ಇರುತ್ತದೆ, ಉದ್ದೇಶ ಇರುತ್ತದೆ ಅಂತ ಅವರು 1980ರ ದಶಕದಿಂದಲೂ ಬರೆಯುತ್ತಾ ಬಂದಿದ್ದಾರೆ.

ನಮ್ಮ ಹುಡುಗನದು ರೈಲ್ವೆ ಸ್ಟೇಷನ್ ಭಾಷೆ. ಭಾನುವಾರ ಅಪ್ಪನ ಜೊತೆ ರೈಲು ನೋಡಲು ಹೋಗಿ ಹೋಗಿ ಅನೌನ್ಸ್‌ಮೆಂಟ್ ಬಾಯಿಪಾಠ ಆಗಿದೆ. ಮದುವೆ ಛತ್ರದಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ, ಆ ಹೆಂಗಸಿನದೇ ರಾಗದಲ್ಲಿ, "ಪ್ರಯಾಣಿಕರ ಗಮನಕ್ಕೆ, ಒಂದನೇ ಪ್ಲಾಟ್‌ಫಾರಂನಿಂದ ಹೊರಡಲು ಸಿದ್ಧವಾಗಿದೆ" ಎನ್ನುತ್ತಾನೆ. ಪಕ್ಕದ ಸಾಲಿನವರು ನಗುತ್ತಾರೆ. ಪುಸ್ತಕ ಓದಿದ ಮೇಲೆ ನಾನೂ ನಮ್ಮನೆಯವರೂ ಕ್ಯಾಲೆಂಡರ್ ಮೇಲೆ ಗುರುತು ಹಾಕಲು ಶುರು ಮಾಡಿದೆವು. ಯಾವಾಗ ಹೇಳಿದ, ಅದಕ್ಕೆ ಮುಂಚೆ ಏನಾಗುತ್ತಿತ್ತು ಅಂತ. ವಾಲಗ ಜೋರಾದಾಗ, ಮೈಕ್ ಕೀರಲು ದನಿ ಹೊರಡಿಸಿದಾಗ, ನೆಂಟರು ಸುತ್ತ ನಿಂತು ಕೆನ್ನೆ ಮುಟ್ಟಿದಾಗ. ಅವನು ಹೊರಡಲು ಸಿದ್ಧವಾಗಿದ್ದಾನೆ, ಅಷ್ಟೇ! ಈಗ ಅನೌನ್ಸ್‌ಮೆಂಟ್ ಕೇಳಿದ ತಕ್ಷಣ ಇಬ್ಬರಲ್ಲಿ ಒಬ್ಬರು ಅವನನ್ನು ಛತ್ರದ ಹಿಂದೆ ಗಾಡಿ ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇವೆ. ಸ್ವಲ್ಪ ಹೊತ್ತು ಓಡಾಡಿ, ಹೋಳಿಗೆ ಬಡಿಸುವ ಹೊತ್ತಿಗೆ ತಾನೇ ವಾಪಸ್ ಬಂದು ಎಲೆ ಮುಂದೆ ಕೂರುತ್ತಾನೆ.

ಮಕ್ಕಳಿಗೆ ಹಿಡಿದ ಹುಚ್ಚನ್ನು ಈ ಪುಸ್ತಕ ಉತ್ಸಾಹ ಅಂತ ನೋಡುತ್ತದೆ. ಅದನ್ನು ಬಿಡಿಸಬೇಡಿ, ಅದರ ಮೇಲೇ ಕಲಿಕೆ ಕಟ್ಟಿ ಎನ್ನುತ್ತದೆ. ನಮ್ಮವನು ಕಳೆಯುವ ಲೆಕ್ಕ ಕಲಿತದ್ದು ಟೈಮ್ ಟೇಬಲ್‌ನಿಂದ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ. ಒಂದರಿಂದ ಇನ್ನೊಂದಕ್ಕೆ ಎಷ್ಟು ನಿಮಿಷ? ಪುಸ್ತಕದ ಲೆಕ್ಕಕ್ಕೆ ಮುಖ ತಿರುಗಿಸುವವನು ಇದನ್ನು ಮಾತ್ರ ಕೂತು ಮಾಡುತ್ತಾನೆ.

ಕೊರತೆ ಇಲ್ಲವಾ? ಇದೆ. ಕಥೆಗಳೆಲ್ಲ ಒಂದು ಒಳ್ಳೆಯ ತಿರುವು ಪಡೆದೇ ಮುಗಿಯುತ್ತವೆ. ರಾತ್ರಿಯಿಡೀ ಮಲಗದೆ ತಲೆ ಗೋಡೆಗೆ ಬಡಿದುಕೊಳ್ಳುವ ಮಗುವಿನ ತಾಯಿ ಇದನ್ನು ಓದಿದರೆ ಅವಳಿಗೆ ಸಿಟ್ಟೂ ಬರಬಹುದು. ಇನ್ನು ಅವರ ಶಾಲೆಗಳು! ಒಂದು ಮಗುವಿನ ಬಗ್ಗೆ ಮಾತಾಡಲು ಟೀಚರು, ಥೆರಪಿಸ್ಟು, ಅಪ್ಪ-ಅಮ್ಮ ಎಲ್ಲ ಒಂದೇ ಮೇಜಿನ ಸುತ್ತ ಕೂರುತ್ತಾರೆ. ನಮ್ಮಲ್ಲಿ ಅಡ್ಮಿಷನ್ ಸಿಕ್ಕಿದರೇ ಸಿಹಿ ಹಂಚಬೇಕು. "ಗಂಡು ಮಕ್ಕಳಿಗೆ ಮಾತು ಲೇಟು, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯಾ" ಎನ್ನುವ ದೊಡ್ಡಮ್ಮ, ಹರಕೆ ಹೊರಿಸುವ ಚಿಕ್ಕಪ್ಪ ಈ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಅವರನ್ನು ಸಂಭಾಳಿಸುವುದು ನಮ್ಮ ಪಾಲಿಗೇ.

ಎರಡನೆಯದು 'ದ 36-ಅವರ್ ಡೇ'. ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಬರೆದದ್ದು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರೆಸ್‌ನದು. 1981ರಿಂದ ಅಚ್ಚಾಗುತ್ತಲೇ ಇದೆ, ಏಳನೆಯ ಆವೃತ್ತಿ 2021ರದ್ದು. ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವವರ ದಿನಕ್ಕೆ 24 ಗಂಟೆ ಸಾಲದು, 36 ಇದ್ದಂತೆ ಇರುತ್ತದೆ ಅನ್ನುವುದು ಹೆಸರಿನ ಅರ್ಥ. ದಪ್ಪ ಪುಸ್ತಕ. ಮೊದಲಿನಿಂದ ಕೊನೆಗೆ ಓದಲು ಹೋಗಬೇಡಿ, ನಾನೂ ಓದಿಲ್ಲ. ಹಿಂದಿನ ಪದಸೂಚಿ ತೆಗೆದು ಸ್ನಾನ, ನಿದ್ದೆ, ಅಲೆದಾಟ, ಅನುಮಾನ, ಯಾವ ಕಷ್ಟ ಇದೆಯೋ ಅಲ್ಲಿಗೆ ಹೋಗಿ.

ಇದರಲ್ಲಿ ಒಂದು ಮುಖ್ಯ ವಿಷಯ ಇದೆ. ಸಣ್ಣ ಕಾರಣಕ್ಕೆ ಅತ್ತೆ ದೊಡ್ಡದಾಗಿ ಕೂಗಾಡುತ್ತಾರೆ, ಅಳುತ್ತಾರೆ, ಕೈ ಎತ್ತುತ್ತಾರೆ ಅಂತ ನಮಗೆ ಕಾಣುತ್ತದೆ. ಪುಸ್ತಕದ ಪ್ರಕಾರ ಅದು ಬೇಕೆಂದು ಮಾಡಿದ್ದಲ್ಲ. ಒಂದೇ ಸಲ ತುಂಬ ವಿಷಯ ಮೇಲೆ ಬಿದ್ದಾಗ ಮೆದುಳಿಗೆ ತಡೆಯಲಾಗದೆ ಹಾಗಾಗುತ್ತದೆ. ಸ್ನಾನವನ್ನೇ ನೋಡಿ. ನಮಗೆ ಒಂದು ಕೆಲಸ. ಅವರಿಗೆ ಸೀರೆ ಬಿಚ್ಚಬೇಕು, ಚಳಿ ತಡೆಯಬೇಕು, ಒದ್ದೆ ನೆಲದಲ್ಲಿ ಕಾಲಿಡಬೇಕು, ಸೊಸೆ ಎದುರು ಬೆತ್ತಲಾಗಬೇಕು, ತಲೆ ಮೇಲಿಂದ ನೀರು ಸುರಿಯುವುದನ್ನು ಸಹಿಸಬೇಕು. ಹತ್ತು ಕೆಲಸ. ಒಂದೊಂದನ್ನೇ ಹೇಳಿ, ಒಂದು ಮುಗಿದ ಮೇಲೆ ಇನ್ನೊಂದು, ಅವಸರ ಬೇಡ, ವಾದ ಬೇಡ ಎನ್ನುತ್ತಾರೆ.

ನಾವು ಶವರ್ ಬಿಟ್ಟೆವು. ಬಕೆಟ್ಟು, ಪ್ಲಾಸ್ಟಿಕ್ ಸ್ಟೂಲು, ಹಳೆಯ ಹಿತ್ತಾಳೆ ಚೊಂಬು ತಂದೆವು. ಬೆನ್ನ ಮೇಲೆ ಟವೆಲ್ ಹೊದಿಸಿ ಚೊಂಬನ್ನು ಅವರ ಕೈಗೇ ಕೊಟ್ಟೆ. ಕೈ ತಾನಾಗಿ ಬಕೆಟ್ಟಿಗೆ ಹೋಯಿತು. ಮೊದಲು ಪಾದದ ಮೇಲೆ ಹುಯ್ದುಕೊಂಡರು, ಆಮೇಲೆ ಮೊಣಕಾಲು, ಆಮೇಲೆ ಭುಜ. ಹುಯ್ದುಕೊಳ್ಳುತ್ತಾ ಗೊಣಗಾಟದಂತೆ ಯಾವುದೋ ಶ್ಲೋಕ. ಮನೆಯಲ್ಲಿ ಕೂಗಾಟ ಪೂರ್ತಿ ನಿಂತಿದೆ ಎಂದು ಹೇಳುವುದಿಲ್ಲ, ತಲೆ ಸ್ನಾನದ ದಿನ ಇವತ್ತಿಗೂ ರಾದ್ಧಾಂತವೇ. ಉಳಿದ ದಿನ ಪರವಾಗಿಲ್ಲ.

ಸಂಜೆ ಆಯಿತೆಂದರೆ "ದೀಪ ಹಚ್ಚೋ ಹೊತ್ತಾಯ್ತು, ನಾನು ಮನೆಗೆ ಹೋಗ್ಬೇಕು ಕಣಮ್ಮ" ಅಂತ ಬಾಗಿಲಿಗೆ ಬರುತ್ತಾರೆ. ಡಿಮೆನ್ಷಿಯಾ ಇರುವವರಿಗೆ ಹೊತ್ತು ಇಳಿಯುವಾಗ ತಳಮಳ ಹೆಚ್ಚುವುದು ಸಾಮಾನ್ಯ. "ಇದೇ ನಿಮ್ಮನೆ ಅಲ್ವಾ ಅತ್ತೆ" ಎಂದರೆ ಕೆರಳುತ್ತಾರೆ. ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ಮಾತಿನ ಹಿಂದಿನ ಕಳವಳಕ್ಕೆ ಉತ್ತರ ಕೊಡಿ ಎನ್ನುತ್ತದೆ ಪುಸ್ತಕ. "ಹೋಗೋಣ ಅತ್ತೆ, ದೀಪ ಹಚ್ಚಿಬಿಟ್ಟು ಹೋಗೋಣ" ಅಂತ ಬತ್ತಿ ಹೊಸೆಯಲು ಹತ್ತಿ ಕೊಡುತ್ತೇನೆ. ಬತ್ತಿ ಮುಗಿಯುವ ಹೊತ್ತಿಗೆ ಹೋಗುವ ಮಾತು ಮರೆತಿರುತ್ತದೆ.

ಈಗ ಅದಲು ಬದಲಿನ ವಿಷಯ. ಅತ್ತೆಯ ಸ್ನಾನದ ಪುಟಗಳನ್ನು ಓದಿಯೇ ನಾನು ಮಗನ ಕ್ಷೌರ ಸರಿ ಮಾಡಿದ್ದು. ಒಂದು ದಿನ ಸುಮ್ನೆ ಅಂಗಡಿ ಮುಂದೆ ನಿಂತು ಬಂದೆವು. ಇನ್ನೊಂದು ದಿನ ಕುರ್ಚಿ ಮೇಲೆ ಕೂತದ್ದಷ್ಟೇ. ಮತ್ತೊಂದು ದಿನ ಬಂದ್ ಆಗಿರುವ ಮಿಷನ್ ಕೈಯಲ್ಲಿ ಹಿಡಿದು ನೋಡಿದ. ಕ್ಷೌರದವರು ತಾಳ್ಮೆಯವರು, ಗಿರಾಕಿ ಕಮ್ಮಿ ಇರುವ ಮಂಗಳವಾರ ಬನ್ನಿ ಎಂದರು. ಕೊನೆಗೆ ಮಿಷನ್ ಬೇಡ, ಕತ್ತರಿ ಸಾಕು ಅಂತ ತೀರ್ಮಾನ ಆಯಿತು. ಸದ್ದೇ ಅವನ ಕಷ್ಟ.

ಅದೇ ಥರ ಪ್ರಿಜಾಂಟ್ ಭಾವನೆಗಳ ನೆನಪಿನ ಬಗ್ಗೆ ಒಂದು ಅಧ್ಯಾಯ ಬರೆದಿದ್ದಾರೆ. ಕೆಟ್ಟ ಅನುಭವ ಆದ ಜಾಗ, ಆದ ಮನುಷ್ಯ ಕಂಡರೆ ಮಗು ಮತ್ತೆ ಬೆದರುತ್ತದೆ, ನಮಗೆ ಕಾರಣ ಗೊತ್ತಾಗುವುದಿಲ್ಲ ಎಂದು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅತ್ತೆ. ಹಗಲು ನೋಡಿಕೊಳ್ಳಲು ಬರುತ್ತಿದ್ದ ಒಬ್ಬರು ಜೋರಾಗಿ ಗದರಿದ್ದರು. ಗದರಿದ್ದು ಅತ್ತೆಗೆ ನೆನಪಿಲ್ಲ. ಆದರೆ ಅವರು ಒಳಗೆ ಬಂದರೆ ಸೆರಗು ಬಿಗಿ ಹಿಡಿದು ಗೋಡೆ ಕಡೆ ತಿರುಗುತ್ತಿದ್ದರು. ಬೇರೆಯವರನ್ನು ಗೊತ್ತು ಮಾಡಿದೆವು.

'ದ 36-ಅವರ್ ಡೇ'ಯಲ್ಲಿ ಆರೈಕೆ ಮಾಡುವವರಿಗೆ ಅಂತಲೇ ಅಧ್ಯಾಯಗಳಿವೆ. ಸಿಟ್ಟು, ನಾಚಿಕೆ, "ಇವರು ಹೋದರೆ ಸಾಕಪ್ಪ" ಎನ್ನುವ ಯೋಚನೆ ಇವೆಲ್ಲ ಬರುವುದು ಸಹಜ ಅಂತ ಬಿಡಿಸಿ ಬರೆದಿದ್ದಾರೆ. ನಮ್ಮಲ್ಲಿ ಸೊಸೆ ಅನ್ನಿಸಿಕೊಂಡವಳು ಇದನ್ನು ಬಾಯಿ ಬಿಟ್ಟು ಹೇಳುವ ಹಾಗೇ ಇಲ್ಲ. ನನಗಿಂತ ಹೆಚ್ಚಾಗಿ ನನ್ನ ಗಂಡ ಆ ಪುಟಗಳನ್ನು ಓದಿದ್ದು ಒಳ್ಳೆಯದಾಯಿತು. ಈಗ ವಾರದಲ್ಲಿ ಒಂದು ಸಂಜೆ ನನ್ನದು, ನಾನು ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ, ಯಾರೂ ಫೋನ್ ಮಾಡುವ ಹಾಗಿಲ್ಲ. ಆದರೆ ಇನ್ಶೂರೆನ್ಸು, ನರ್ಸಿಂಗ್ ಹೋಮು, ಕಾನೂನು ಅಂತ ಇರುವ ಭಾಗ ಪೂರ್ತಿ ಅಮೆರಿಕದ್ದು. ಹಾರಿಸಿಬಿಡಿ.

ಉಳಿದ ಪುಸ್ತಕಗಳಲ್ಲಿ ಆಟಿಸಂ ಇರುವ ಜಪಾನಿನ ನವೋಕಿ ಹಿಗಾಶಿದಾ 13ನೇ ವಯಸ್ಸಿನಲ್ಲಿ ಬರೆದದ್ದು ಎನ್ನುವ 'ದ ರೀಸನ್ ಐ ಜಂಪ್' ಚಿಕ್ಕದು, ಪ್ರಶ್ನೆ-ಉತ್ತರದ ರೂಪದಲ್ಲಿದೆ, ಒಂದು ಸಂಜೆಗೆ ಮುಗಿಯುತ್ತದೆ. ಅಕ್ಷರದ ಹಲಗೆ ಮೇಲೆ ತೋರಿಸಿ ಬರೆದದ್ದರಿಂದ, ಮಾತು ಎಷ್ಟು ಅವನದು, ಎಷ್ಟು ಜೊತೆಗಿದ್ದವರದು ಅಂತ ತಜ್ಞರಲ್ಲಿ ತಕರಾರಿದೆ. ಬಾಲ್ಯದ ಒಂದಷ್ಟು ಕಾಲ ನಮ್ಮ ಮೈಸೂರು, ಬೆಂಗಳೂರಿನಲ್ಲೇ ಕಳೆದ, ಆಟಿಸಂ ಇರುವ ಟಿಟೊ ಮುಖೋಪಾಧ್ಯಾಯ ಹುಡುಗನಾಗಿದ್ದಾಗ ಬರೆದ ಪುಸ್ತಕವೂ ಇದೆ. ಅವರ ತಾಯಿ ಕಲಿಸಿದ, ಅಕ್ಷರದ ಹಲಗೆ ಮೇಲೆ ತೋರಿಸಿ ಬರೆಯುವ ವಿಧಾನವನ್ನು ಬಳಸಬೇಡಿ ಅಂತ 2018ರಲ್ಲಿ ಅಮೆರಿಕದ ಸ್ಪೀಚ್ ಮತ್ತು ಹಿಯರಿಂಗ್ ತಜ್ಞರ ಸಂಘ ಹೇಳಿತು. ಓದಲು ಎರಡೂ ಚೆನ್ನಾಗಿವೆ. ನಿಮ್ಮ ಮಗು ಏನು ಯೋಚಿಸುತ್ತಿದೆ ಅಂತ ಅವುಗಳಿಂದ ತೀರ್ಮಾನ ಮಾಡಲು ಹೋಗಬೇಡಿ.

ಪಥ್ಯದಿಂದ ಆಟಿಸಂ ವಾಸಿ ಮಾಡುತ್ತೇವೆ ಎನ್ನುವ ಒಂದು ಪುಸ್ತಕ ರದ್ದಿಗೆ ಹೋಯಿತು. ಅಂಗಡಿಯಲ್ಲಿ ಇಂಥವನ್ನು ಗುರುತಿಸಲು ಸುಲಭ ಉಪಾಯ ಒಂದಿದೆ, ಲಸಿಕೆ ಬಗ್ಗೆ ಏನು ಬರೆದಿದ್ದಾರೆ ನೋಡಿ. ಲಸಿಕೆಗೂ ಆಟಿಸಂಗೂ ಗಂಟು ಹಾಕಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಇನ್ನೂ ಅದನ್ನೇ ಹಿಡಿದು ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ.

ಕನ್ನಡದ್ದು ಏನಿದೆ ಅಂತ ಕೇಳುತ್ತೀರಿ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಚಿಕ್ಕವು, ಭಾಷೆ ತಿಳಿ. ನಮ್ಮ ಮಾವ ಇದ್ದಾಗ ಓದಿದ್ದು ಅವನ್ನೇ. ಆದರೆ ನನಗೆ ಬೇಕಿರುವುದು ಪ್ರಿಜಾಂಟ್ ಥರದ ವಿವರ, ಜೊತೆಗೆ ನಮ್ಮ ಕಚೇರಿಗಳ ದಾರಿ. ಮುಂದಿನ ವರ್ಷ ಮಗನಿಗೆ 18 ತುಂಬುತ್ತದೆ. ಆಟಿಸಂನಂಥ ಸ್ಥಿತಿ ಇರುವವರಿಗಾಗಿ ಬಂದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಕಾನೂನಿನ ಪೋಷಕರನ್ನು ನೇಮಿಸಲು ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಯವರು ಇರುತ್ತಾರೆ. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಸೇರಿದೆ, ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಬಹುದು. ಇದೆಲ್ಲ ನನಗೆ ಗೊತ್ತಾದದ್ದು ಆಸ್ಪತ್ರೆ ಬೆಂಚಿನ ಮೇಲೆ ಕೂತ ಬೇರೆ ಅಮ್ಮಂದಿರಿಂದ. ಪ್ರಿಜಾಂಟ್ ದೀರ್ಘ ಕಾಲದ ನೋಟ ಅಂತ ಒಂದು ಅಧ್ಯಾಯದಲ್ಲಿ ಕೆಲವು ಕುಟುಂಬಗಳ ಕಥೆಯನ್ನು ವರ್ಷಗಳುದ್ದಕ್ಕೂ ಹೇಳುತ್ತಾರೆ. ಓದಿದರೆ ಧೈರ್ಯ ಬರುತ್ತದೆ. ನಾವಿಬ್ಬರೂ ಹೋದ ಮೇಲೆ ಇವನು ಎಲ್ಲಿರುತ್ತಾನೆ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ.

ಕೊಳ್ಳುವವರಿಗೆ: 'ಯೂನಿಕ್ಲಿ ಹ್ಯೂಮನ್' 2022ರ ಆವೃತ್ತಿಯೇ ತಗೊಳ್ಳಿ, ಆನ್‌ಲೈನ್‌ನಲ್ಲಿ ಹಳೆಯದನ್ನೂ ಅದೇ ರೇಟಿಗೆ ಹಾಕಿರುತ್ತಾರೆ. 'ದ 36-ಅವರ್ ಡೇ' ಸೆಕೆಂಡ್ ಹ್ಯಾಂಡ್ ಸಿಕ್ಕರೂ ನಡೆಯುತ್ತದೆ, ಸ್ನಾನ, ಊಟ, ನಿದ್ದೆಯ ಮಾತು ಹಳೆಯದಾಗುವುದಿಲ್ಲ. ಒಂದೇ ಕೊಳ್ಳಲು ಸಾಧ್ಯ ಅಂದರೆ, ಮನೆಯಲ್ಲಿ ವಯಸ್ಸಾದವರು ಇರಲಿ ಬಿಡಲಿ, ನಾನು ಎರಡನೆಯದನ್ನೇ ಹೇಳುತ್ತೇನೆ. ನನ್ನ ಪ್ರತಿಗಳನ್ನು ಎರವಲು ಕೇಳಬೇಡಿ ಮಾತ್ರ. ಒಂದರ ಅಂಚಿನಲ್ಲಿ ಅತ್ತೆಯ ಮಾತ್ರೆ ಟೈಮು ಬರೆದಿದೆ, ಇನ್ನೊಂದರ ಕೊನೆ ಪುಟದಲ್ಲಿ ಮಗ ಬೆಂಗಳೂರಿನವರೆಗಿನ ಸ್ಟೇಷನ್ನುಗಳನ್ನೆಲ್ಲ ಪೆನ್ನಿನಲ್ಲಿ ಬರೆದಿಟ್ಟಿದ್ದಾನೆ.